ತಂಪಿನ ಡಬ್ಬಿಯ ಉಸ್ತುವಾರಿ

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಯಜಮಾನರು ನನ್ನನ್ನು ಡ್ರೈವರ್ ಕೆಲಸಕ್ಕೆ ಇಟ್ಟುಕೊಳ್ಳುವಾಗ ಕೇಳಿದ್ದು ಒಂದೇ ಪ್ರಶ್ನೆ.

"ಕೂಲಿಂಗ್ ಕೆಲಸ ಗೊತ್ತೇನಪ್ಪಾ?"

"ಗೊತ್ತು ಸಾ" ಅಂದೆ.

ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲಿಲ್ಲ. ಅದಕ್ಕೆ ಮೊದಲು ನಾನು ಎರಡು ವರ್ಷ ಹಾಸನದಲ್ಲಿ ಕಾಫಿ ಮೂಟೆ ಸಾಗಿಸುವ ಲಾರಿ ಓಡಿಸಿದ್ದೆ. ಏರು ಹತ್ತಿದ ಮೇಲೆ ಲಾರಿಯ ರೇಡಿಯೇಟರ್ ಕುದಿಯುತ್ತಿತ್ತು. ಚಿಂದಿಬಟ್ಟೆ ಹಿಡಿದು ಅದರ ಮುಚ್ಚಳ ತೆಗೆದು, ಮುಖ ಸುಟ್ಟುಕೊಳ್ಳದೆ ನೀರು ಹುಯ್ಯುವುದಕ್ಕೆ ನಮ್ಮ ಗ್ಯಾರೇಜಿನಲ್ಲಿ ಕೂಲಿಂಗ್ ಅನ್ನುತ್ತಿದ್ದರು. ಅದರಲ್ಲಿ ನಾನು ಗಟ್ಟಿಗ. ಯಜಮಾನರು ಕೇಳಿದ್ದು ಎಂಜಿನ್ನಿನ ಕೂಲಿಂಗ್ ಅಲ್ಲ, ತಮ್ಮ ಕೂಲಿಂಗ್ ಎಂಬುದು ಮಾರನೆಯ ದಿನ ಕಾರು ತರಲು ಹಾಸನಕ್ಕೆ ಹೋದಾಗಲೇ ತಿಳಿದದ್ದು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಎರಡು ವರ್ಷ ಇತ್ತು.

ಕಾರು ವಿಲಾಯಿತಿಗೆ ವಾಪಸು ಹೊರಟಿದ್ದ ಒಬ್ಬ ಕಾಫಿ ತೋಟದ ಬಿಳಿ ದೊರೆಯದು. ಕಪ್ಪಗೆ, ಉದ್ದಕ್ಕೆ, ಚೆನ್ನಾಗಿಯೇ ಇತ್ತು. ಆದರೆ ಡ್ರೈವರ್ ಪಕ್ಕದ ಸೀಟಿನ ಕಿಟಕಿಗೆ, ಹೊರಗಡೆ, ಹಾಲಿನ ಕ್ಯಾನನ್ನು ಅಡ್ಡಡ್ಡ ಮಲಗಿಸಿ ಕಟ್ಟಿದ ಹಾಗೆ ಒಂದು ತಗಡಿನ ಡಬ್ಬಿ ನೇತಾಡುತ್ತಿತ್ತು. ದೊರೆಯ ಬಟ್ಲರ್ ಅದರ ಗುಟ್ಟು ಹೇಳಿಕೊಟ್ಟ. ಡಬ್ಬಿಯ ತಳದಲ್ಲಿ ನೀರು ಇರುತ್ತೆ. ಮೇಲೆ ಮರದ ಹೊಟ್ಟು ತುಂಬಿದ ಒಂದು ಉರುಳೆ. ಒಳಗೆ ಕೂತವರು ದಾರ ಎಳೆದರೆ ಉರುಳೆ ನೀರಲ್ಲಿ ಒಂದು ಸುತ್ತು ಮುಳುಗಿ ಏಳುತ್ತೆ. ಕಾರು ಓಡುವಾಗ ಎದುರು ಗಾಳಿ ಡಬ್ಬಿಯ ಬಾಯಿಗೆ ನುಗ್ಗಿ, ಒದ್ದೆ ಹೊಟ್ಟಿನೊಳಗೆ ಹಾದು, ತಣ್ಣಗಾಗಿ ಸೀಟಿನ ಕಡೆಗೆ ಬರುತ್ತೆ.

"ಮೂರು ಮಾತು ನೆಪ್ಪಿಟ್ಕೋ" ಅಂದ ಬಟ್ಲರ್. "ದಾರ ಎಳೀತಾ ಇರಬೇಕು. ಗಾಡಿ ಜೋರಾಗಿ ಓಡ್ಬೇಕು. ಹಿಂದ್ಗಡೆ ಒಂದು ಕಿಟಕಿ ಗ್ಲಾಸ್ ಇಳ್ಸಿರಬೇಕು, ಬಂದ ಗಾಳಿ ಹೋಗೋಕೆ ದಾರಿ ಬೇಕಲ್ಲ."

"ದೊರೆಗೊಳು ದಿನಾ ಆಕ್ಕತ್ತಿದ್ರಾ?"

"ಎರಡು ದಿನ ಹಾಕ್ಕೊಂಡ್ರು. ಮೂರ್ನೇ ದಿನ ಜ್ವರ ಬಂತು. ಹಾಸನದಾಗೆ ಇದ್ಯಾತಕ್ಕಯ್ಯ? ಇಲ್ಲಿ ಬೇಸಿಗೇಲೂ ಸಂಜೆ ಆದ್ರೆ ಶಾಲು ಹುಡುಕ್ತೀವಿ. ಅಮೆರಿಕದ ಪುಸ್ತಕದಲ್ಲಿ ಚಿತ್ರ ನೋಡಿ ತರ್ಸಿಬಿಟ್ಟಿದ್ರು."

ಈ ಕೊನೆಯ ಸಂಗತಿಯನ್ನು ನಾನು ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ. ಅವರು ಕಾರು ಕೊಂಡದ್ದೇ ಆ ಡಬ್ಬಿಗಾಗಿ. ಮೈಸೂರಿನಲ್ಲಿ ಕೂಡ ಇಂಥದ್ದು ಇಲ್ಲ ಎಂದು ಯಾರೋ ಹೇಳಿದ್ದರು. ಯಜಮಾನರಿಗೆ ಆಗ ಐವತ್ತು ದಾಟಿತ್ತು. ಒಳ್ಳೆಯ ಮೈಕಟ್ಟು, ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ, ತಲೆಗೆ ಜರಿ ಪೇಟ. ಮಾತು ಮೆಲ್ಲಗೆ. ಆದರೆ ಒಮ್ಮೆ ಆಡಿದ ಮೇಲೆ ತಾವಾಗಿ ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಾಣೆ.

ಬಟ್ಲರ್ ಹೇಳಿದ ಮೂರು ಮಾತನ್ನೂ ಅವರಿಗೆ ಒಪ್ಪಿಸಿದೆ. ಮೊದಲನೆಯದನ್ನು ಒಪ್ಪಿಕೊಂಡರು. ದಾರ ಎಳೆಯುವುದು ಅವರಿಗೆ ಇಷ್ಟವಾಯಿತು. ಗಂಟೆ ಹೊಡೆದ ಹಾಗೆ ನಿಮಿಷಕ್ಕೊಮ್ಮೆ ಎಳೆಯುತ್ತಿದ್ದರು. ಎರಡನೆಯದು ಮಾತ್ರ ನಡೆಯಲಿಲ್ಲ. ಗಂಟೆಗೆ ಹತ್ತು ಮೈಲಿಗಿಂತ ಜೋರಾದರೆ ಅವರ ಕೈ ನನ್ನ ತೊಡೆಯ ಮೇಲೆ ಬರುತ್ತಿತ್ತು.

"ಏನಪ್ಪಾ ಆತುರ? ರಸ್ತೇಲಿ ನಾಕು ಜನ ನಮಸ್ಕಾರ ಮಾಡ್ತಾರೆ. ತಿರುಗಿ ಮಾಡೋಕಾದ್ರೂ ಬಿಡು."

ಅದು ನೆಪ. ಅವರಿಗೆ ವೇಗ ಎಂದರೆ ಜೀವಭಯ. ನಮ್ಮ ಪಕ್ಕದಲ್ಲಿ ಸೈಕಲ್ಲಿನವರು ಬಂದು, ಜೊತೆಜೊತೆಗೇ ತುಳಿಯುತ್ತ, ಮನೆಯವರೆಲ್ಲರ ಕುಶಲ ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಮೂರನೆಯ ಮಾತು ಕೇಳಿ ಅವರು ನಕ್ಕೇಬಿಟ್ಟರು. "ತಂಪು ಮಾಡ್ಕೊಂಡು ಕಿಟಕಿ ತೆಗೆದಿಟ್ರೆ ತಂಪು ಆಚೆ ಹೋಗಲ್ವೇನಯ್ಯ? ಪಾತ್ರೆಗೆ ತೂತು ಮಾಡಿ ನೀರು ಹಾಕ್ದಂಗೆ." ಹಾಗಾಗಿ ಎಲ್ಲ ಕಿಟಕಿಗಳ ಗಾಜನ್ನೂ ಮೇಲಕ್ಕೆ ಏರಿಸಿ ಕೂರುತ್ತಿದ್ದೆವು. ಗಾಳಿ ಬರುವುದಕ್ಕೆ ವೇಗವಿಲ್ಲ, ಹೋಗುವುದಕ್ಕೆ ದಾರಿಯಿಲ್ಲ. ಡಬ್ಬಿಯ ತೇವ ಮಾತ್ರ ಮೆಲ್ಲಗೆ ಒಳಗೆ ಬಂದು ತುಂಬಿಕೊಳ್ಳುತ್ತಿತ್ತು. ಚೈತ್ರದ ಬಿಸಿಲಲ್ಲಿ ಚನ್ನರಾಯಪಟ್ಟಣದಿಂದ ಹೊರಟರೆ ಶಾಂತಿಗ್ರಾಮ ಬರುವಷ್ಟರಲ್ಲಿ ನಾವು ಇಡ್ಲಿ ಪಾತ್ರೆಯೊಳಗೆ ಬೆಂದವರ ಹಾಗೆ ಆಗಿರುತ್ತಿದ್ದೆವು. ಯಜಮಾನರ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಹಾಸನದಲ್ಲಿ ಇಳಿಯುವ ಮುಂಚೆ ಅವರು ಒಂದು ಸಣ್ಣ ಕನ್ನಡಿ ಹಿಡಿದು ಹಣೆ ಒರೆಸಿಕೊಂಡು, ಹೊಸದಾಗಿ ವಿಭೂತಿ ಹಚ್ಚಿಕೊಂಡು, ಕಾಯುತ್ತಿದ್ದವರ ಮುಂದೆ ಇಳಿದು ಹೇಳುತ್ತಿದ್ದರು: "ಒಳಗೆ ಊಟಿ ಇದ್ದಂಗೆ ಇದೆ."

ನನ್ನ ಹತ್ತಿರ ಮಾತ್ರ ಬೇರೆ ಹೇಳುತ್ತಿದ್ದರು. "ಉಸ್ತುವಾರಿ ಸಾಲದು ಕಣಪ್ಪ. ಡಬ್ಬಿ ಚೆನ್ನಾಗಿ ನೋಡ್ಕೋತಿಲ್ಲ ನೀನು."

ನಾನು ನೋಡಿಕೊಳ್ಳುತ್ತಿದ್ದೆ. ಕಾರಿಗಿಂತ ಹೆಚ್ಚಾಗಿ ಅದನ್ನೇ ನೋಡಿಕೊಳ್ಳುತ್ತಿದ್ದೆ. ರಸ್ತೆಯ ಕೆಂಪು ಧೂಳು ಒದ್ದೆ ಹೊಟ್ಟಿಗೆ ಹಿಡಿದು ಕೆಸರಾಗುತ್ತಿತ್ತು. ಪ್ರತಿ ಸೋಮವಾರ ಡಬ್ಬಿ ಬಿಚ್ಚಿ, ಬಗ್ಗಡ ಚೆಲ್ಲಿ, ತಳವನ್ನು ತೆಂಗಿನ ನಾರಿನಲ್ಲಿ ಉಜ್ಜಿ, ಉರುಳೆಯ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಕಟ್ಟುತ್ತಿದ್ದೆ. ಒಂದು ಸಲ ಯಜಮಾನರು ಹದಿನೈದು ದಿನ ಎಲ್ಲೂ ಹೊರಡಲಿಲ್ಲ, ನಾನೂ ಮೈಮರೆತೆ. ನೀರು ಅಷ್ಟು ದಿನವೂ ಒಳಗೇ ನಿಂತಿತ್ತು. ಆಮೇಲೆ ಹೊಳೆನರಸೀಪುರದ ದಾರಿಯಲ್ಲಿ ಅವರು ದಾರ ಎಳೆದ ಕೂಡಲೇ ಡಬ್ಬಿಯೊಳಗಿಂದ ಸೊಳ್ಳೆಗಳ ದಂಡೇ ಹೊರಟು ಬಂತು. ಗಾಜುಗಳೆಲ್ಲ ಮುಚ್ಚಿದ್ದವು. ಯಜಮಾನರು ಪೇಟ ತೆಗೆದು ಬೀಸತೊಡಗಿದರು.

ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕೂತಿದ್ದರು. ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಅವರು ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಒಳಗಿನಿಂದಲೇ ಹೇಳಿದರು: "ಗಾಳಿ ಬರದಿದ್ರೂ ಏನೋ ಒಂದು ಬಂತಲ್ಲ, ಬಿಡಿ."

ಮರದ ಹೊಟ್ಟು ಕೊಳೆತು ನಾರುತ್ತಿದೆ, ಅದನ್ನು ಬಿಸಾಕಿ ಲಾವಂಚದ ಬೇರು ತುಂಬಿಸು ಎಂದು ಹೇಳಿಕೊಟ್ಟವರೂ ಅಮ್ಮಾವ್ರೇ. ಅವರ ತವರು ಅರಕಲಗೂಡು. ಅಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚ ಹಾಕುತ್ತಿದ್ದರಂತೆ. ಬೇರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಾಗ ಹಳ್ಳಿಮೈಸೂರಿನ ಹತ್ತಿರ ಹಳ್ಳದ ದಂಡೆಯಲ್ಲಿ ಲಾವಂಚ ಕಿತ್ತು ಚಾಪೆ, ಬೀಸಣಿಗೆ ಹೆಣೆಯುವ ಒಬ್ಬ ಹೆಂಗಸು ಇದ್ದಾಳೆ ಅಂದರು.

ಆಕೆಯ ಮನೆ ಊರಾಚೆಯ ಕೇರಿಯಲ್ಲಿತ್ತು. ಆ ಕಾಲದಲ್ಲಿ ಊರಾಚೆಯ ಕೇರಿ ಎಂದರೆ ಯಾರದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆಯನ್ನು ಎಲ್ಲರೂ ಬೇರಿನವ್ವ ಅನ್ನುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಮೈ, ಮಣ್ಣು ಕೆದರಿ ಕೆದರಿ ಗಟ್ಟಿಯಾದ ಬೆರಳು. ಡಬ್ಬಿಯನ್ನು ಸುತ್ತಿ ಸುತ್ತಿ ನೋಡಿದಳು.

"ಇದ್ರಲ್ಲಿ ಏನ್ ಬೇಯಿಸ್ತೀರಪ್ಪಾ?"

"ಬೇಯ್ಸಕ್ಕಲ್ಲ ಕಣವ್ವ, ತಂಪು ಮಾಡಕ್ಕೆ. ಯಜಮಾನ್ರಿಗೆ ಸೆಕೆ ಆಯ್ತದೆ."

"ಮರದ ಕೆಳೀಕ್ ನಿಲ್ಸುದ್ರೆ ಆಗಕಿಲ್ವಾ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಬೇರನ್ನು ತೊಳೆದು, ಬಾಚಣಿಗೆಯಲ್ಲಿ ತಲೆ ಬಾಚಿದ ಹಾಗೆ ಎಳೆಎಳೆಯಾಗಿ ಬಿಡಿಸಿ, ಉರುಳೆಯ ಸುತ್ತ ಹೆಣೆದು ಕೊಟ್ಟಳು. ಬಿಗಿಯಾದರೆ ಗಾಳಿ ನುಗ್ಗುವುದಿಲ್ಲ, ಸಡಿಲವಾದರೆ ನೀರು ನಿಲ್ಲುವುದಿಲ್ಲ. ಎಷ್ಟು ಬಿಗಿಯಬೇಕೆಂದು ಆಕೆಯ ಬೆರಳಿಗೇ ಗೊತ್ತಿತ್ತು. ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕು, ಒದ್ದೇಲೇ ಬಿಟ್ಟರೆ ಲಾವಂಚವೂ ಕೊಳೆಯುತ್ತೆ, ಒಂದೂವರೆ ತಿಂಗಳಿಗೆ ಬೇರು ಬದಲಾಯಿಸು ಅಂದಳು. ಡಬ್ಬಿಯ ಉಸ್ತುವಾರಿಯಲ್ಲಿ ನನಗೆ ಸಿಕ್ಕಿದ ವಿದ್ಯೆ ಅಷ್ಟೇ. ಎಲ್ಲ ಆಕೆ ಹೇಳಿಕೊಟ್ಟದ್ದು.

ಆಮೇಲೆ ಕಾರಿನೊಳಗೆ ಗಾಳಿ ಬರದಿದ್ದರೂ ಪರಿಮಳ ಬಂತು. ಯಜಮಾನರು ಪ್ರಸನ್ನರಾದರು. ಪ್ರಸನ್ನರಾದ ಮೇಲೆ ಒಂದು ಹೊಸ ಕಟ್ಟಳೆ ಮಾಡಿದರು.

"ನೋಡಪ್ಪ, ಆ ನೀರಿನ ತೇವ ನನ್ನ ಮೂಗಿನೊಳಕ್ಕೆ ಹೋಗೋದು. ಕಂಡಕಂಡ ಕಡೆ ನೀರು ಹಾಕ್ಬೇಡ. ನಮ್ಮ ಮನೆ ಬಾವಿ ನೀರೇ ಆಗ್ಬೇಕು."

ಅಂದಿನಿಂದ ಎರಡು ಹಿತ್ತಾಳೆ ಬಿಂದಿಗೆಗಳಲ್ಲಿ ಮನೆಯ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿಕೊಂಡೇ ಕಾರು ಹೊರಡುತ್ತಿತ್ತು. ಬೇರು ಯಾರ ಕೈಯಿಂದ ಬಂತೆಂದು ಯಜಮಾನರು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಮರುವರ್ಷದ ಬೇಸಿಗೆ. ಅರಕಲಗೂಡಿನಲ್ಲಿ ಅಮ್ಮಾವ್ರ ತಮ್ಮನ ಮನೆಯಲ್ಲಿ ಮದುವೆ. ಗಂಡಹೆಂಡತಿ ಇಬ್ಬರೂ ಮುಂದಿನ ವಾರ ಹೊರಡುವವರಿದ್ದರು. ಬೇರು ಕಪ್ಪಗಾಗಿತ್ತು. "ನೆಂಟರ ಮುಂದೆ ನಾರಬಾರದು, ಬದಲಾಯಿಸ್ಕೊಂಡು ಬಾ" ಎಂದು ಯಜಮಾನರು ನನ್ನೊಬ್ಬನನ್ನೇ ಕಾರಿನಲ್ಲಿ ಹಳ್ಳಿಮೈಸೂರಿಗೆ ಕಳಿಸಿದರು. ಡಬ್ಬಿಯಲ್ಲೂ ಬಿಂದಿಗೆಗಳಲ್ಲೂ ನೀರಿತ್ತು.

ಬೇರಿನವ್ವ ನನ್ನನ್ನು ನೋಡಿ ತಲೆಯಾಡಿಸಿದಳು.

"ಈಗ ಬ್ಯಾಡ ಕಣಪ್ಪ. ನೆಲ ಕಲ್ಲಾಗದೆ. ಒಂದ್ ಮಳೆ ಬೀಳ್ಲಿ, ಸಲೀಸಾಗಿ ಬತ್ತದೆ ಬೇರು. ನಾಕ್ ದಿನ ತಡ್ಕಂಡು ಬಾ."

"ಆಗಕಿಲ್ಲ ಕಣವ್ವ" ಅಂದೆ. "ನಾಳೀಕೇ ಓಗ್ಬೇಕು ಅಂತವ್ರೆ ಯಜಮಾನ್ರು. ಇವತ್ತೇ ಬೇಕು."

ಯಜಮಾನರು ಹಾಗೆ ಹೇಳಿರಲಿಲ್ಲ. ಮದುವೆಗೆ ಇನ್ನೂ ಒಂಬತ್ತು ದಿನ ಇತ್ತು. ಮತ್ತೊಮ್ಮೆ ಆ ಧೂಳಿನಲ್ಲಿ ಅಷ್ಟು ದೂರ ಬರಬೇಕಲ್ಲ ಎಂಬ ಸೋಮಾರಿತನ, ಅಷ್ಟೇ. ಇನ್ನೊಬ್ಬರ ಹೆಸರು ಹೇಳಿ ಅವಸರ ಮಾಡುವುದು ಸುಲಭ ಎಂದು ಕಾರು ಓಡಿಸಲು ಶುರುಮಾಡಿದ ಮೇಲೆ ಕಲಿತಿದ್ದೆ.

ಆಕೆ ಗುದ್ದಲಿ ಹೆಗಲಿಗೆ ಹಾಕಿಕೊಂಡು ಅಳಿಯನ ಜೊತೆ ಹಳ್ಳದ ಕಡೆಗೆ ಹೋದಳು. ನಾನು ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಕೂತೆ. ಗುದ್ದಲಿ ಏಟು ಕೇಳಿಸುತ್ತಿತ್ತು. ಮಣ್ಣಿಗೆ ಬಿದ್ದ ಏಟಿನ ಹಾಗಲ್ಲ, ಬಂಡೆಗೆ ಬಿದ್ದ ಹಾಗೆ. ಸ್ವಲ್ಪ ಹೊತ್ತಿಗೆ ಏಟು ನಿಂತಿತು. ಆಮೇಲೆ ಅಳಿಯ ಕೂಗಿದ್ದು ಕೇಳಿಸಿತು.

ಓಡಿ ಹೋಗಿ ನೋಡಿದರೆ ಬೇರಿನವ್ವ ನೆಲದ ಮೇಲೆ ಕೂತಿದ್ದಳು. ಗಟ್ಟಿ ನೆಲಕ್ಕೆ ತಗುಲಿದ ಗುದ್ದಲಿ ಜಾರಿ ಎಡಗಾಲಿನ ಮೇಲೆ ಬಿದ್ದಿತ್ತು. ಬೆರಳುಗಳ ಹಿಂದೆ ಪಾದ ಅಡ್ಡಕ್ಕೆ ಸೀಳಿಹೋಗಿತ್ತು. ರಕ್ತ ಮಣ್ಣಿನಲ್ಲಿ ಇಂಗುತ್ತಿತ್ತು. ಆಕೆ ಅಳುತ್ತಿರಲಿಲ್ಲ, ಎರಡೂ ಕೈಯಲ್ಲಿ ಪಾದವನ್ನು ಒತ್ತಿ ಹಿಡಿದು ಅದನ್ನೇ ನೋಡುತ್ತಿದ್ದಳು. ಅಳಿಯ ತನ್ನ ತಲೆವಸ್ತ್ರ ಬಿಚ್ಚಿ ಬಿಗಿದು ಕಟ್ಟಿದ. ಅದು ಕಟ್ಟುತ್ತಿದ್ದ ಹಾಗೆಯೇ ನೆನೆಯಿತು.

"ಎತ್ತಿನ ಗಾಡಿ ಕಟ್ತೀನಿ" ಅಂದ ಅವನು.

"ಗಾಡೀಲಿ ಆಗಕಿಲ್ಲ, ಕಾರ್‌ಗೆ ಎತ್ತಪ್ಪ" ಅಂದೆ. ಯೋಚಿಸಿ ಅಂದದ್ದಲ್ಲ. ಯೋಚಿಸಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಇಬ್ಬರೂ ಎತ್ತಿ ತಂದೆವು. ಕಾರಿನ ಬಾಗಿಲು ತೆಗೆದಾಗ ಆಕೆ ಮೊದಲ ಸಲ ಹೆದರಿದಳು.

"ಬ್ಯಾಡ ಕಣಪ್ಪ, ಯಜಮಾನ್ರು ಕೂರೋ ಜಾಗ. ನಾನ್ ಕೆಳ್ಗೇ ಕುಂತ್ಕತೀನಿ."

"ಕೆಳಗೆ ಕಾಲು ಇಡಕ್ಕೆ ಜಾಗ ಇಲ್ಲ. ಕುಂತ್ಕವ್ವ ಸುಮ್ಕೆ" ಎಂದು ಮುಂದಿನ ಸೀಟಿನಲ್ಲೇ ಕೂರಿಸಿ, ಕಾಲ ಕೆಳಗೆ ಒಂದು ಗೋಣಿಚೀಲ ಮಡಿಸಿಟ್ಟೆ. ಅಳಿಯ ಒಳಗೆ ಕೂರಲು ಒಪ್ಪಲೇ ಇಲ್ಲ. ಹೊರಗೆ ಫುಟ್‌ಬೋರ್ಡಿನ ಮೇಲೆ ನಿಂತ. ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಹಿಂದಿನ ಕಿಟಕಿಯ ಗಾಜು ಇಳಿಸಿಕೊಟ್ಟೆ.

ಹೊಳೆನರಸೀಪುರದ ಆಸ್ಪತ್ರೆಗೆ ಏಳೆಂಟು ಮೈಲಿ. ಆ ಕಾರು ನನ್ನ ಕೈಗೆ ಬಂದಮೇಲೆ ಮೊದಲ ಸಲ ಅದನ್ನು ಮನಸ್ಸಿಟ್ಟು ಓಡಿಸಿದೆ. ವೇಗದ ಮುಳ್ಳು ಮೂವತ್ತು ದಾಟಿತು, ಮೂವತ್ತೈದು ದಾಟಿತು. ಹಳ್ಳ ದಿಣ್ಣೆ ಬಂದಾಗಲೆಲ್ಲ ಬೇರಿನವ್ವ ಹಿಡಿದುಕೊಳ್ಳಲು ಏನೂ ಸಿಗದೆ, ಎದುರಿಗೆ ನೇತಾಡುತ್ತಿದ್ದ ದಾರವನ್ನೇ ಜಗ್ಗಿ ಹಿಡಿಯುತ್ತಿದ್ದಳು. ಜಗ್ಗಿದಾಗಲೆಲ್ಲ ಉರುಳೆ ಒಂದು ಸುತ್ತು ನೆನೆದು ಏಳುತ್ತಿತ್ತು.

ಎರಡು ಮೈಲಿ ಹೋಗಿರಬಹುದು. ನನ್ನ ಎಡಗೆನ್ನೆಗೆ ಏನೋ ತಾಕಿತು. ತಣ್ಣನೆಯ ಗಾಳಿ. ಬೆಳಗಿನ ಜಾವ ಕೆರೆ ಏರಿಯ ಮೇಲೆ ನಿಂತರೆ ಬೀಸುತ್ತದಲ್ಲ, ಅಂಥದ್ದು, ಹಳೆಯ ಲಾವಂಚದಲ್ಲಿ ಉಳಿದಿದ್ದ ಘಮವನ್ನೂ ಹೊತ್ತು. ಹೊರಗೆ ಬಿಸಿಲಿಗೆ ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ವೇಗವಿತ್ತು, ಹಿಂದಿನ ಗಾಜು ಇಳಿದಿತ್ತು, ದಾರ ಎಳೆಯುವವರೂ ಇದ್ದರು. ವರ್ಷವೆಲ್ಲ ಕಾದಿದ್ದ ತಂಪು ಹೇಳದೆ ಕೇಳದೆ ಬಂದುಬಿಟ್ಟಿತ್ತು.

ಬೇರಿನವ್ವ ಸೆರಗನ್ನು ಮೈತುಂಬ ಎಳೆದುಕೊಂಡಳು.

"ಏನಪ್ಪಾ ಇದು, ಚಳಿ ಆಯ್ತದೆ. ಮುಚ್ಚು ಅದ್ನ."

"ಮುಚ್ಚಕ್ಕೆ ಬರಕಿಲ್ಲ ಕಣವ್ವ. ದಾರ ಬುಡು ಸಾಕು."

"ಬುಟ್ರೆ ಬಿದ್ದೋಯ್ತೀನಿ" ಅಂದು ಮತ್ತೆ ಜಗ್ಗಿದಳು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಯಾರು, ಎಲ್ಲಿಂದ ಎಂದು ಕೇಳುತ್ತ ನಿಲ್ಲದೆ ಹೊಲಿಗೆ ಹಾಕಿದರು. ಎರಡು ಬೆರಳು ಇನ್ನು ಮಡಿಸಲು ಬರುವುದಿಲ್ಲ, ಕಾಲು ಉಳಿಯುತ್ತದೆ ಅಂದರು. ನಾನು ಹೊರಡುವಾಗ ಬೇರಿನವ್ವ ಹಾಸಿಗೆಯ ಮೇಲಿಂದ ಕರೆದಳು. ಬೈಯುತ್ತಾಳೆ ಎಂದುಕೊಂಡು ಹತ್ತಿರ ಹೋದೆ.

"ಕಿತ್ತಿದ್ ಬೇರು ಅಳಿಯ ಹಿಂದ್ಗಡೆ ಎಸ್ದವ್ನೆ. ತೊಳ್ದು ಹಾಕ್ಕ. ಕಪ್ಪಗಿರೋದ್ ಬುಟ್ಟು ಬಿಳೀದು ಆರ್ಸ್ಕ. ನಾಳೀಕೆ ಬೇಕು ಅಂದ್ಯಲ್ಲ."

ಚನ್ನರಾಯಪಟ್ಟಣಕ್ಕೆ ಹಿಂದಿರುಗುವಾಗ ನಾನೂ ಹತ್ತೇ ಮೈಲಿಯ ವೇಗದಲ್ಲಿ ಬಂದೆ.

ಸೀಟನ್ನು ದಾರಿಯ ಕೆರೆಯಲ್ಲಿ ತೊಳೆದಿದ್ದೆ. ಆದರೂ ಮನೆಯ ಮುಂದೆ ಕಾರು ನಿಂತಾಗ ಅಮ್ಮಾವ್ರು ಜಗಲಿಯಿಂದಲೇ ಕಂಡುಹಿಡಿದರು. ಗೋಣಿಚೀಲ ಬಿಸಾಡುವುದನ್ನು ಮರೆತಿದ್ದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಸುಳ್ಳೊಂದನ್ನು ಬಿಟ್ಟು. ಅವರು "ನೀನೇ ಹೋಗಿ ಹೇಳ್ಬಿಡು. ಬೇರೆಯವರು ಹೇಳಿದ್ರೆ ಅದಕ್ಕೆ ಕಾಲು ಬಾಲ ಬರುತ್ತೆ" ಅಂದರು.

ಯಜಮಾನರು ಮಂಡಿಯಲ್ಲಿ ಒರಗುದಿಂಬಿಗೆ ಒರಗಿ ಕೂತಿದ್ದರು. ನಿಂತುಕೊಂಡೇ ಹೇಳಿದೆ. ಕೆಲಸ ಹೋಯಿತು ಎಂದು ಖಚಿತವಾಗಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಕಣ್ಣು ತೆರೆದರು.

"ಯಾವ ಸೀಟಲ್ಲಿ ಕೂರಿಸ್ದೆ?"

"ಮುಂದಿನ ಸೀಟಲ್ಲಿ ಸಾ."

"ನನ್ನ ಸೀಟಲ್ಲಿ."

"ಊಂ ಸಾ."

ಆಮೇಲೆ ದನಿ ತಗ್ಗಿಸಿ ಕೇಳಿದರು, ಪಕ್ಕದಲ್ಲಿದ್ದ ಗುಮಾಸ್ತರಿಗೆ ಕೇಳಿಸದ ಹಾಗೆ:

"ಗಾಳಿ ಬಂತಾ?"

ನನಗೆ ಅರ್ಥವಾಗಲಿಲ್ಲ.

"ಡಬ್ಬಿಯಿಂದ ಗಾಳಿ ಬಂತಾ ಅಂದೆ."

"ಬಂತು ಸಾ."

"ಹೆಂಗಿತ್ತು?"

"ಚಳಿ ಆಯ್ತದೆ ಅಂದ್ಲು ಸಾ."

ಯಜಮಾನರ ಮುಖದಲ್ಲಿ ಅಂಥ ಸಂಕಟವನ್ನು ನಾನು ಆಮೇಲೆ ಯಾವತ್ತೂ ನೋಡಲಿಲ್ಲ. ಒಂದು ವರ್ಷ ಊರೆಲ್ಲ ಕರೆದು ಊಟಿ ಊಟಿ ಅಂದವರು ಅವರು. ಊಟಿ ಕಂಡವಳು ಬೇರಿನವ್ವ.

ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. "ಹಿಂದೆಲ್ಲ ಬೇರು ಹೆಣೆದು ಕೊಡ್ತಿದ್ದೋರು ಯಾರು?"

"ಅವ್ಳೇ ಸಾ."

ಅವರು ಕೈಯನ್ನು ಮೂಗಿನವರೆಗೂ ತಂದು ಹಾಗೇ ಇಳಿಸಿದರು. "ಹೋಗ್ಲಿ ಬಿಡು" ಅಂದರು ಕೊನೆಗೆ. "ಗಾಳಿಗೆ ಅದೆಲ್ಲ ಅಂಟಲ್ಲ."

ಸೀಟಿಗೆ ಮಾತ್ರ ಅಂಟುತ್ತಿತ್ತು. ಮಾರನೆಯ ದಿನ ಸೀಟಿನ ಚರ್ಮ ಕೀಳಿಸಿ ಹೊಸದು ಹೊಲಿಸಿದರು. ಕಾರಿನ ಒಳಗೆಲ್ಲ ಗಂಜಲ ಚಿಮುಕಿಸಿದರು. ಬಿಂದಿಗೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿಸಿದರು. ಡಬ್ಬಿಯೊಳಗೆ ಆಕೆ ಕಿತ್ತು ಕೊಟ್ಟ ಹೊಸ ಬೇರನ್ನೇ ತುಂಬಿಸಿದೆ. ಅದನ್ನು ಯಜಮಾನರು ನಿಂತು ನೋಡಿದರು, ಬೇಡ ಅನ್ನಲಿಲ್ಲ. ಬಿಳಿಯ ಎಳೆಗಳನ್ನು ಆರಿಸಿ, ಆಕೆ ಹೆಣೆದಂತೆ ಹೆಣೆಯಲು ನಾನು ಎರಡು ದಿನ ಹೆಣಗಿದೆ. ಅರ್ಧದಷ್ಟೂ ಚೆನ್ನಾಗಿ ಬರಲಿಲ್ಲ.

ಮದುವೆಗೆ ಹೊರಟ ದಿನ ಊರು ದಾಟಿದ ಮೇಲೆ ಯಜಮಾನರು ಎರಡೂ ಕೈಯಿಂದ ಮುಂದಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಿಂದಿನ ಗಾಜು ಇಳಿಸು. ಆವತ್ತು ಓಡಿಸ್ದಂಗೇ ಓಡಿಸು."

"ಭಯ ಆಗಕಿಲ್ವಾ ಸಾ?"

"ಆಗುತ್ತೆ. ಓಡಿಸು."

ಓಡಿಸಿದೆ. ಮೂವತ್ತು ದಾಟಿದಾಗ ಅವರು ಶಿವನಾಮ ಶುರುಮಾಡಿದರು. ಕೈ ಬಿಡಲು ಧೈರ್ಯವಿಲ್ಲದ್ದರಿಂದ ದಾರವನ್ನು ನಾನೇ ಬಗ್ಗಿ ಎಳೆಯುತ್ತಿದ್ದೆ. ಗಾಳಿ ಬಂತು. ತಣ್ಣಗೆ, ಘಮ್ಮೆಂದು ಅವರ ಮುಖಕ್ಕೇ ಬಂತು. ಶಿವನಾಮ ನಿಂತಿತು. ಅವರು ಕಣ್ಣು ತೆರೆಯದೆಯೇ ಸಣ್ಣ ಮಗುವಿನ ಹಾಗೆ ನಕ್ಕರು. ಹೊಳೆನರಸೀಪುರ ದಾಟುವವರೆಗೂ ಆ ನಗು ಹಾಗೇ ಇತ್ತು. ಹಣೆಯ ವಿಭೂತಿ ಒಂದು ಗೆರೆಯೂ ಅಲುಗಲಿಲ್ಲ.

ಅರಕಲಗೂಡಿನಲ್ಲಿ ಮದುವೆ ಮನೆಯ ಮುಂದೆ ಕಾರು ನಿಂತಿತು. ನೆಂಟರು ಸುತ್ತುಗಟ್ಟಿದರು. "ಒಳಗೆ ಊಟಿ ಇದ್ದಂಗೆ ಇದೆ" ಅಂದರು ಯಜಮಾನರು, ಮೊದಲ ಸಲ ನಿಜ ಹೇಳುತ್ತ. ಆಮೇಲೆ ಹೆಂಡತಿಯನ್ನು ಕರೆಯಲು ಹಿಂದಕ್ಕೆ ತಿರುಗಿದವರು ಹಾಗೇ ನಿಂತರು. ತೆರೆದ ಕಿಟಕಿಯಿಂದ ಅಷ್ಟು ದೂರದ ಕೆಂಪು ಧೂಳೂ ಒಳಗೆ ಬಂದು ಅಮ್ಮಾವ್ರ ಮೇಲೆ ಕೂತಿತ್ತು. ರೇಷ್ಮೆ ಸೀರೆ, ತಲೆ, ರೆಪ್ಪೆ, ಮಡಿಲಲ್ಲಿದ್ದ ಹೂವಿನ ಬುಟ್ಟಿ, ಎಲ್ಲ ಒಂದೇ ಬಣ್ಣ. ಸುಟ್ಟ ಇಟ್ಟಿಗೆಯಲ್ಲಿ ಮಾಡಿದ ಬೊಂಬೆಯಂತೆ ಕೂತಿದ್ದರು.

"ಹೇಳ್ಬಾರದಿತ್ತೇ?" ಅಂದರು ಯಜಮಾನರು.

"ಬಾಯಿ ತೆಗೆದ್ರೆ ಮಣ್ಣು ಹೋಗ್ತಿತ್ತು" ಅಂದರು ಅಮ್ಮಾವ್ರು. "ನಿಮಗೆ ತಂಪಾಯ್ತಲ್ಲ. ಸಾಕು, ಇಳಿಸಿ ನನ್ನ."

ವಾಪಸು ಬರುವಾಗ ಅಮ್ಮಾವ್ರು ಬಸ್ಸಿನಲ್ಲಿ ಬಂದರು. ಯಜಮಾನರಿಗೆ ಮಾರನೆಯ ದಿನವೇ ನೆಗಡಿ ಹಿಡಿಯಿತು, ಒಂದು ವಾರ ಕಷಾಯ ಕುಡಿದರು. ಡಬ್ಬಿ ಇನ್ನೂ ಎರಡು ಮೂರು ಬೇಸಿಗೆ ಕಿಟಕಿಯ ಮೇಲಿತ್ತು. ಹತ್ತು ಮೈಲಿಗೇ ಇಳಿದೆವು, ಗಾಜುಗಳು ಮತ್ತೆ ಮುಚ್ಚಿದವು. ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ರೇಷನ್ ಬಂದ ಮೇಲೆ ಕಾರಿನ ಹಿಂದೆ ಇದ್ದಿಲು ಒಲೆ ಕಟ್ಟಿಸಿ, ಅದರ ಹೊಗೆಯಿಂದಲೇ ಎಂಜಿನ್ ಓಡಿಸುವಂತಾಯಿತು. ಹಿಂದೆ ಒಲೆ, ಪಕ್ಕದಲ್ಲಿ ತಂಪಿನ ಡಬ್ಬಿ. ಇದು ಯಜಮಾನರಿಗೇ ಸರಿಕಾಣದೆ ಡಬ್ಬಿ ಬಿಚ್ಚಿಸಿದರು. ಅಮ್ಮಾವ್ರು ಅದನ್ನು ಅಡಿಗೆಮನೆಯಲ್ಲಿ ನೇತುಹಾಕಿ ವೀಳ್ಯದೆಲೆ ಇಡಲು ಬಳಸಿಕೊಂಡರು. ಲಾವಂಚದ ತೇವದಲ್ಲಿ ಎಲೆ ನಾಲ್ಕು ದಿನ ಬಾಡುತ್ತಿರಲಿಲ್ಲವಂತೆ. ನಾನು ಹಾಸನದ ಬಸ್ಸಿಗೆ ಡ್ರೈವರಾಗಿ ಹೋದೆ.

ಬೇರಿನವ್ವನನ್ನು ಇದಕ್ಕೆಲ್ಲ ಮೊದಲೇ ಇನ್ನೊಮ್ಮೆ ನೋಡಿದ್ದೆ. ಮದುವೆ ಮುಗಿದು ಒಂದು ತಿಂಗಳಿಗೆ ಅಮ್ಮಾವ್ರು ಒಂದು ಕಂಬಳಿ, ಒಂದು ಚೀಲ ತೆಂಗಿನಕಾಯಿ ಕೊಟ್ಟು ಕಳಿಸಿದ್ದರು. ಆಕೆ ಮನೆಯ ಮುಂದೆ ಕಾಲು ಚಾಚಿ ಕೂತು ಬೀಸಣಿಗೆ ಹೆಣೆಯುತ್ತಿದ್ದಳು. ಹಳ್ಳಕ್ಕೆ ಈಗ ಮಗಳು ಹೋಗುತ್ತಾಳೆ ಅಂದಳು. ಕಾಲು ತೋರಿಸಿದಳು. ಗಾಯ ಮಾಗಿತ್ತು, ಎರಡು ಬೆರಳು ಮೇಲಕ್ಕೆ ನೆಟ್ಟಗೆ ನಿಂತಿದ್ದವು.

"ಆ ಡಬ್ಬಿ ಗಾಳಿ ಒಳ್ಳೇದಲ್ಲ ಕಣಪ್ಪ" ಅಂದಳು. "ನಂಗೆ ಮೂರ್ ದಿನ ಮೂಗು ಕಟ್ಕಂಡಿತ್ತು. ಯಜಮಾನ್ರಿಗೆ ಹೇಳು."

ನಾನು ಹೋಗಿದ್ದು ಇನ್ನೊಂದು ಮಾತು ಹೇಳುವುದಕ್ಕೆ. ಆವತ್ತು ಅವಸರ ಇರಲಿಲ್ಲ, ನಾಕು ದಿನ ತಡೆಯಬಹುದಿತ್ತು, ಮಳೆಯೂ ಐದನೆಯ ದಿನಕ್ಕೆ ಬಂತು ಎಂದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಕೆಯ ಮುಂದೆ ಕಂಬಳಿ ಇಟ್ಟೆ, ತೆಂಗಿನಕಾಯಿ ಚೀಲ ಇಳಿಸಿದೆ, ಆ ಮಾತು ಮಾತ್ರ ಹೇಳಲಿಲ್ಲ.

"ಬಿಸ್ಲಲ್ ಬಂದಿದೀಯ" ಎಂದು ಆಕೆ ಒಳಗಿನ ನೀರಿನ ಮಡಕೆಯ ಕಡೆ ನೋಡಿದಳು. ನಾನೂ ನೋಡಿದೆ. ಮಡಕೆಯ ಬಾಯಲ್ಲಿ ಲಾವಂಚದ ಎಳೆ ಕಾಣುತ್ತಿತ್ತು. ನನಗೆ ಬಾಯಾರಿಕೆಯಾಗಿತ್ತು. ಆಕೆಯೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಳಿಯನನ್ನು ಕರೆದು ಒಂದು ಎಳನೀರು ಕೆತ್ತಿಕೊಡು ಅಂದಳು. ಅವನು ಕೆತ್ತಿ, ಒಂದು ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ. ಎಳನೀರಿಗೆ ಅದೆಲ್ಲ ಅಂಟುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಒಪ್ಪಿದ ಮಾತು. ಎತ್ತಿಕೊಂಡು ಕುಡಿದೆ. ಚೆನ್ನಾಗಿತ್ತು. ಬುರುಡೆಯನ್ನು ಬೇಲಿಯ ಮೂಲೆಗೆ ಹಾಕಿ, ಬತ್ತೀನಿ ಕಣವ್ವ ಅಂದು ಹೊರಟೆ.